ಹಿನ್ನೆಲೆ ಬಿಳಿ ಇರಬೇಕು

ಮಂಡಿಯಲ್ಲಿ ನನ್ನ ಕೆಲಸ ಚೀಟಿ ಬರೆಯುವುದು.
ಸೇವಂತಿಗೆ ನಲವತ್ತು ಕೆಜಿ, ತೇವಕ್ಕೆ ಎರಡು ಕಳೆ.
ಮೇರಾಬುಲ್ ಹನ್ನೆರಡು.
ಚೆಂಡುಹೂವನ್ನು ಇವತ್ತು ಕೇಳುವವರಿಲ್ಲ,
ಗೇಟಿನಾಚೆ ಸುರಿದು ಹೋದರು,
ಹಸು ಕೂಡ ಮೂಸಿ ಮುಂದೆ ನಡೆಯಿತು.
ಬೆಳಗಿನ ಜಾವ ನಾಲ್ಕರಿಂದ ಹೂವೆಂದರೆ ನನಗೆ
ತಕ್ಕಡಿಯ ಕೆಂಪು ಅಂಕಿ
ನಡುಗಿ ನಿಲ್ಲುವ ಜಾಗ.

ಹತ್ತಕ್ಕೆಲ್ಲ ಖಾಲಿ. ಮನೆಗೆ ನೇರ ಹೋಗದೆ
ನಗರಸಭೆಯ ಪಾರ್ಕಿಗೆ ನುಗ್ಗುತ್ತೇನೆ,
ರೇಟಿಲ್ಲದ ಹೂಗಳನ್ನು ನೋಡಲು.

ಯುಗಾದಿಗೆ ಇನ್ನು ಹನ್ನೊಂದು ದಿನ.
ಹೊಂಗೆ ಹೂ ಬಿಟ್ಟಿದೆ. ಬಿಟ್ಟಿದೆ ಅನ್ನುವುದಕ್ಕಿಂತ ಬಿದ್ದಿದೆ:
ಸಿಮೆಂಟು ಬೆಂಚಿನ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ,
ಮಾಸಲು ನೇರಳೆ.
ಪೋಣಿಸಲು ಬಾರದು, ಮುಡಿಯಲು ಬಾರದು,
ಕಿಲೋಗೆ ಎಷ್ಟು ಎಂದು ಚಿಕ್ಕಬಳ್ಳಾಪುರದಲ್ಲಿ
ಯಾರೂ ಕೇಳಿರದ ಹೂವು.

ನೆಲಕ್ಕೆ ಕೂರುತ್ತೇನೆ. ಮೊಣಕೈ ಮಣ್ಣಿಗೆ.
ನನ್ನ ಫೋನಿನ ಕಣ್ಣು ಬಿರುಕು ಬಿಟ್ಟಿದೆ,
ತೆಗೆದ ಪ್ರತಿ ಹೂವಿಗೂ ಎಡಗಡೆ ಒಂದು ಗೆರೆ
ಕೂದಲು ಅಂಟಿದಂತೆ.
ಮೊದಮೊದಲು ಒರೆಸುತ್ತಿದ್ದೆ.
ಈಗ ಗೆರೆಗೂ ಸ್ವಲ್ಪ ಜಾಗ ಬಿಟ್ಟು ತೆಗೆಯುತ್ತೇನೆ.
ಗಾಳಿಯದ್ದೇ ಕಷ್ಟ.
ನಾನು ಉಸಿರು ಹಿಡಿದಾಗಲೇ ನೋಡಿ, ಅದು ಅಲ್ಲಾಡುವುದು.

ಸೀಟಿ ಊದಿತು.
"ಏ ಅಮ್ಮಾಯಿ! ಹೂ ಕಿತ್ತರೆ ನೂರು ರೂಪಾಯಿ ದಂಡ!"
ವಾಚ್‌ಮನ್ ಪಿಳ್ಳಪ್ಪ. ಕೋಲು ಮೊದಲು ಬಂತು, ಆಮೇಲೆ ಆತ.
ಕೀಳ್ತಿಲ್ಲ ತಾತ, ಫೋಟೋ ತೆಗೀತಿದೀನಿ ಅಂದೆ.
ಬೋರ್ಡಿನ ಕಡೆ ತಿರುಗಿ ನೋಡಿದ.
ಫೋಟೋಕ್ಕೆ ಎಷ್ಟೆಂದು ಬರೆದಿರಲಿಲ್ಲ.

ಪಕ್ಕದಲ್ಲಿ ಕೂತ. ಫೋನನ್ನು ಈಸಿಕೊಂಡು
ತಲೆಕೆಳಗಾಗಿ ಹಿಡಿದು ಎಲ್ಲ ನೋಡಿದ.
"ಇದು ನಮ್ಮ ಪಾರ್ಕಾ?"
ಆಮೇಲೆ, ಟೋಪಿ ಸರಿಪಡಿಸುತ್ತ:
"ನಂಗೆ ಹೊಸ ಕಾರ್ಡು ಕೊಡ್ತಾರಂತೆ. ಒಂದು ಫೋಟೋ ಕೇಳವ್ರೆ.
ಸ್ಟುಡಿಯೋದಾಗೆ ನೂರಿಪ್ಪತ್ತು.
ಹಿನ್ನೆಲೆ ಬಿಳಿ ಇರಬೇಕಂತೆ."

ಬಿಳಿ ಹುಡುಕುತ್ತ ಹೊರಟೆವು ನಾವಿಬ್ಬರೂ.
ಪಂಪ್‌ಹೌಸಿನ ಗೋಡೆಗೆ ಎಲೆಯಡಿಕೆ ಉಗುಳು,
ಬಾಣದ ಗುರುತು, ಎರಡು ಹೆಸರು.
ಕಾಂಪೌಂಡು ಪೂರಾ ಕಾಗದದ ಹೂವಿನ ಪಾಲು.
ಶೌಚಾಲಯ ಹಸಿರು.
ಟ್ಯಾಂಕಿನ ಹತ್ತಿರ, ನನಗೆ ಹೆಸರು ತಿಳಿಯದ ಆ ನೀಲಿ ಮರ
ನೆಲವನ್ನೂ ಬಿಟ್ಟಿರಲಿಲ್ಲ.
ಇಷ್ಟು ವರ್ಷ ಕಾದವನು ಬಯ್ದುಕೊಂಡ:
"ಥೂ, ಎತ್ತ ನೋಡಿದ್ರೂ ಹೂವೇ."

ಕೊನೆಗೆ ಕಾರಂಜಿಯ ಕಟ್ಟೆ ಹತ್ತಿಸಿದೆ ಆತನನ್ನು.
ನೀರಿಲ್ಲದ ಕಾರಂಜಿ.
ನಾನು ಕೆಳಗೆ, ಮತ್ತೆ ಮಣ್ಣಿನಲ್ಲಿ,
ಹೂವಿಗೆ ಕೂತ ಹಾಗೆಯೇ ಕೂತು ಮೇಲೆ ನೋಡಿದರೆ
ಪಿಳ್ಳಪ್ಪನ ಕಿವಿಗಳ ಹಿಂದೆ ಸ್ಕಂದಗಿರಿಯೂ ಇಲ್ಲ, ಮರವೂ ಇಲ್ಲ,
ಬರೀ ಮಾರ್ಚಿಯ ಆಕಾಶ,
ಬಿಸಿಲಿಗೆ ಬೆಂದು ಸುಣ್ಣ.

ಆತ ಎದೆಯುಬ್ಬಿಸಿ ಉಸಿರು ಹಿಡಿದ.
ಬಿಡಿ ತಾತ, ಹಿಡಿದರೇ ಅಲ್ಲಾಡೋದು ಅಂದೆ.
ಬಿಟ್ಟ.
ಗಾಳಿ ಎಲ್ಲಿತ್ತೋ. ಟ್ಯಾಂಕಿನ ಕಡೆಯಿಂದ
ಒಂದು ನೀಲಿ ತೇಲಿ ಬಂದು
ಖಾಕಿ ಭುಜದ ಮೇಲೆ, ಸರಿಯಾಗಿ
ಪಟ್ಟಿ ಹೊಲಿಯುವ ಜಾಗದಲ್ಲಿ ಕೂತಿತು.
ಒತ್ತಿಬಿಟ್ಟಿದ್ದೆ.

ಕಚೇರಿಯಿಂದ ವಾಪಸ್ ಬಂತು.
ಭುಜದ ಮೇಲಿರುವುದೇನು ಎಂದು ಕೇಳಿದರಂತೆ,
ಕಿವಿಯ ಪಕ್ಕದ ಗೆರೆ ಏನೆಂದೂ.
"ಒಂದು ಮರದ್ದು, ಒಂದು ಹುಡುಗೀದು ಅಂದೆ" ಎಂದ ಪಿಳ್ಳಪ್ಪ.
ಕಾಪಿಯನ್ನು ಮಾತ್ರ ಕೊಡಲಿಲ್ಲ.
ಟೋಪಿಯೊಳಗೆ ಇಟ್ಟುಕೊಂಡಿದ್ದಾನೆ.

ಮಂಗಳವಾರ ಮತ್ತೆ ತೆಗೆಯಬೇಕು. ಗಡ್ಡ ಹೆರೆಸಿಕೊಂಡು ಬರುತ್ತಾನಂತೆ.
ಹದಿನಾಲ್ಕು ವರ್ಷದಿಂದ ಅಲ್ಲೇ ಕೂತವನು
ಗೇಟಿನ ತನಕ ನನ್ನ ಹಿಂದೆ ಬಂದು ಕೇಳಿದ,
ಇಲ್ಲಿ ಗಾಳಿ ಬೀಸದ ಹೊತ್ತು
ಎಷ್ಟು ಗಂಟೆಗೆ ಎಂದು.